ಮಿಡಿ ಉಪ್ಪಿನಕಾಯಿ ಯಾಕೆ ಕೆಡುತ್ತದೆ?

ಪ್ರಶ್ನೆ: ಅಜ್ಜಿ ಹಾಕಿದ ಮಿಡಿ ಉಪ್ಪಿನಕಾಯಿ ಎರಡು ವರ್ಷವಾದರೂ ಗಟ್ಟಿಯಾಗಿರುತ್ತಿತ್ತು. ನಾವು ಉಪ್ಪು ಕಡಿಮೆ ಮಾಡಿ ಹಾಕಿದರೆ ತಿಂಗಳಲ್ಲೇ ಮೆತ್ತಗಾಗಿ ಬೂಸರು ಬರುತ್ತದೆ. ಯಾಕೆ?
– ಓದುಗರು, ಸೊರಬ

ಉತ್ತರ: ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ. ಸೊರಬ, ಶಿಕಾರಿಪುರದ ಮನೆಗಳಲ್ಲಿ ಉಪ್ಪು ಬರೀ ರುಚಿಗಲ್ಲ, ಅದೇ ಕಾವಲು. ಕಲ್ಲುಪ್ಪು ಮಿಡಿಯೊಳಗಿನ ನೀರನ್ನು ಹೊರಗೆಳೆಯುತ್ತದೆ, ಮಿಡಿ ಚಿರುಟುತ್ತದೆ. ಆ ಉಪ್ಪುನೀರಿನಲ್ಲಿ ಕೊಳೆಸುವ ಸೂಕ್ಷ್ಮಜೀವಿಗಳಿಗೆ ಬೆಳೆಯುವುದು ಕಷ್ಟ. ಜೊತೆಗೆ ಅಪ್ಪೆಮಿಡಿ ಎಂಬ ಮಾವಿನ ಮಿಡಿಯ ಹುಳಿಯೂ ಇದೆ. ಹುಳಿಯ ಅಳತೆಯಾದ ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಬಾಟುಲಿಸಂ ಎಂಬ ಮಾರಕ ಕಾಯಿಲೆ ಉಂಟುಮಾಡುವ ಬ್ಯಾಕ್ಟೀರಿಯಾ ಬೆಳೆಯಲಾರದು.

ಬೂಸರಿಗೆ ಮಾತ್ರ ಹುಳಿಯ ಭಯವಿಲ್ಲ. ಅದಕ್ಕೆ ಬೇಕಾದದ್ದು ಗಾಳಿ. ಹಾಗಾಗಿ ಮಿಡಿ ಸದಾ ಉಪ್ಪುನೀರಿನಲ್ಲಿ ಮುಳುಗಿರಲಿ. ನೆಲಕ್ಕೆ ಬಿದ್ದು ಪೆಟ್ಟಾದದ್ದು ಬೇಡ, ತೊಟ್ಟಿನ ಸಮೇತ ಕೊಯ್ದದ್ದೇ ಆಗಲಿ. ಭರಣಿ, ಸೌಟು ಚೆನ್ನಾಗಿ ಒಣಗಿರಲಿ. ಉಪ್ಪುನೀರನ್ನು ಕುದಿಸಿ, ಪೂರ್ತಿ ಆರಿಸಿಯೇ ಸಾಸಿವೆ, ಮೆಣಸಿನ ಜೊತೆ ರುಬ್ಬಿ.

ಬೂಸರು ಬಂದರೆ ಮೇಲಿನದ್ದಷ್ಟೇ ತೆಗೆದು ಉಳಿದದ್ದನ್ನು ತಿನ್ನಬೇಡಿ. ರಕ್ತದೊತ್ತಡ ಇರುವವರು ಭರಣಿಯ ಉಪ್ಪನ್ನು ಕಡಿಮೆ ಮಾಡುವ ಬದಲು ತಟ್ಟೆಗೆ ಹಾಕಿಕೊಳ್ಳುವ ಉಪ್ಪಿನಕಾಯಿಯನ್ನು ಕಡಿಮೆ ಮಾಡುವುದು ಕ್ಷೇಮ. ಈ ಸಲ ಮಿಡಿ ಹಾಕುವಾಗ ಮಕ್ಕಳನ್ನೂ ಪಕ್ಕ ಕೂರಿಸಿಕೊಳ್ಳಿ. ಅಜ್ಜಿಯ ಕೈಯಳತೆ ಮುಂದಿನವರಿಗೆ ದಾಟುವುದು ಹಾಗೆಯೇ.