ಹ್ಯಾಂಡಿಕ್ಯಾಮ್ ಟೇಪು ಕಂಪ್ಯೂಟರಿಗೆ: ಯಾವುದು ಮೊದಲು, ಹೇಗೆ?

ಇವತ್ತಿನ ವಿಷಯ ನಿಮ್ಮ ಮನೆಯ ಅಟ್ಟದಲ್ಲೋ, ಹಳೇ ಸೂಟ್‌ಕೇಸಿನಲ್ಲೋ ಇರಬಹುದು: ಮದುವೆ, ನಾಮಕರಣ, ಗೃಹಪ್ರವೇಶದ ಹ್ಯಾಂಡಿಕ್ಯಾಮ್ ಟೇಪುಗಳು. ಅವನ್ನ ಕಂಪ್ಯೂಟರಿಗೆ ಇಳಿಸೋದು ಹೇಗೆ ಅಂತ ನೋಡೋಣ.

ಮೊದಲು, ಈಗಲೇ ಯಾಕೆ? ಟೇಪು ಅಂದ್ರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕೂರಿಸಿದ ಕಾಂತೀಯ ಪದರ. ತೇವಾಂಶಕ್ಕೆ ಅದು ಹಾಳಾಗುತ್ತೆ, ಬೂಷ್ಟು ಹಿಡಿಯುತ್ತೆ. ಮಲೆನಾಡು, ಕರಾವಳಿಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಆದ್ರೆ ಎಷ್ಟೋ ಸಲ ಟೇಪಿಗಿಂತ ಮೊದಲು ಸಾಯೋದು ಅದನ್ನ ಓಡಿಸೋ ಯಂತ್ರ. ಜಪಾನಿನ ಫುನಾಯ್ ಕಂಪನಿ 2016ರಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿತು. ಟೇಪಿನಲ್ಲಿರೋದನ್ನ 2025ರೊಳಗೆ ಡಿಜಿಟಲ್ ಮಾಡಿಕೊಳ್ಳದಿದ್ರೆ ಬಹುಪಾಲು ಕೈತಪ್ಪುತ್ತೆ ಅಂತ ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ ಎಚ್ಚರಿಸಿತ್ತು. ಆ ಗಡುವೂ ದಾಟಿ ಹೋಗಿದೆ.

ನಾನು ಬಿಕಾಂ ಓದಿದವನು. ಸವಕಳಿ ಲೆಕ್ಕದಲ್ಲಿ ವಸ್ತು ಹಳೇದಾದಷ್ಟೂ ಬೆಲೆ ಇಳಿಯುತ್ತೆ. ಇಲ್ಲಿ ಉಲ್ಟಾ. ಟೇಪಿನ ಆಯಸ್ಸು ಇಳೀತಾ ಹೋಗುತ್ತೆ, ಅದರೊಳಗಿರೋದರ ಬೆಲೆ ಏರ್ತಾ ಹೋಗುತ್ತೆ. ನಮ್ಮಜ್ಜನ ಫೋಟೋಗಳು ಹತ್ತಾರಿವೆ. ದನಿ ಇರೋದು ನನ್ನ ನಾಮಕರಣದ ಒಂದೇ ಒಂದು ಹೈ8 ಟೇಪಿನಲ್ಲಿ. ಕ್ಯಾಮೆರಾ ಹಿಡಿದ ಮಾವನಿಗೆ, "ಅದನ್ನ ಆ ಕಡೆ ಇಟ್ಟು ಮೊದ್ಲು ಊಟಕ್ಕೆ ಕೂತ್ಕೋ ಮಾರಾಯ" ಅಂತ ಗದರ್ತಾರೆ. ಹನ್ನೊಂದು ಸೆಕೆಂಡು, ಅಷ್ಟೇ.

ಹಾಗಾಗಿ ಮೊದಲ ಕೆಲಸ ವಿಂಗಡಣೆ. ಕಾಮರ್ಸ್‌ನವರಿಗೆ ಸ್ಟಾಕಿನ ಎಬಿಸಿ ಅನಾಲಿಸಿಸ್ ನೆನಪಿರಬಹುದು. ಈಗ ಇಲ್ಲದವರ ದನಿ, ಬೇರೆಲ್ಲೂ ಪ್ರತಿ ಇಲ್ಲದ್ದು: ಎ. ನೆಂಟರ ಮನೆಯಲ್ಲೂ ಪ್ರತಿ ಇರಬಹುದಾದ ಮದುವೆ ವಿಡಿಯೋ: ಬಿ. ಟಿವಿಯಿಂದ ರೆಕಾರ್ಡ್ ಮಾಡಿದ ಸಿನಿಮಾ: ಸಿ. ದುಡ್ಡು, ಸಮಯ ಮೊದಲು ಎ ಗುಂಪಿಗೆ. ಯಂತ್ರ ಸರಿಯಿದ್ಯಾ ಅಂತ ಪರೀಕ್ಷೆ ಮಾಡೋದು ಮಾತ್ರ ಸಿ ಗುಂಪಿನ ಟೇಪು ಹಾಕಿ. ಹಳೇ ಕ್ಯಾಮೆರಾದ ರಬ್ಬರ್ ಗಾಲಿಗಳು ಟೇಪನ್ನ ಅಗಿದು ಹಾಕಿದ್ರೂ ನಷ್ಟ ಕಡಿಮೆ.

ಟೇಪು ಹಾಕೋ ಮೊದಲು ಕಿಟಕಿಯಿಂದ ಸುರುಳಿಯ ಅಂಚನ್ನ ನೋಡಿ. ಬಿಳಿ ಪುಡಿ, ಚುಕ್ಕೆ ಕಂಡ್ರೆ ಅದು ಬೂಷ್ಟು, ಓಡಿಸಲೇಬೇಡಿ. ಯಂತ್ರದ ಹೆಡ್ಡಿಗೆ ಅಂಟಿ ಮುಂದಿನ ಟೇಪಿಗೂ ದಾಟುತ್ತೆ. ಅಂಥದ್ದನ್ನ ಸ್ವಚ್ಛ ಮಾಡೋದು ಗೊತ್ತಿದ್ದವರಿಗೇ ಕೊಡಿ. ಮೇಲೆ ರೆಕಾರ್ಡ್ ಆಗದಂತೆ ಟೇಪಿನ ಪುಟ್ಟ ಗುಂಡಿಯನ್ನ ಸೇವ್ ಕಡೆಗೆ ಸರಿಸಿ. ವಿಎಚ್‌ಎಸ್ ಆದ್ರೆ ಆ ಜಾಗದ ಪ್ಲಾಸ್ಟಿಕ್ ಚೂರನ್ನ ಮುರೀಬೇಕು.

ಈಗ ನಿಮ್ಮದು ಯಾವ ಟೇಪು? ಪುಸ್ತಕದಷ್ಟು ದೊಡ್ಡದಾದ್ರೆ ವಿಎಚ್‌ಎಸ್. ಆಡಿಯೋ ಕ್ಯಾಸೆಟ್ಟಿನಷ್ಟಿದ್ದು ಸ್ವಲ್ಪ ದಪ್ಪ ಇದ್ರೆ ವೀಡಿಯೊ8, ಹೈ8 ಅಥವಾ ಡಿಜಿಟಲ್8. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ್ರೆ ಮಿನಿಡಿವಿ. ಒಂದು ಸೂಕ್ಷ್ಮ ಇದೆ: ಡಿಜಿಟಲ್8 ಕ್ಯಾಮೆರಾಗಳು ಹೈ8 ಕ್ಯಾಸೆಟ್ಟನ್ನೇ ಬಳಸ್ತಿದ್ವು. ಕ್ಯಾಸೆಟ್ ಮೇಲೆ ಹೈ8 ಅಂತಿದ್ರೂ ಒಳಗೆ ಡಿಜಿಟಲ್ ಇರಬಹುದು. ಚಿತ್ರೀಕರಿಸಿದ ಕ್ಯಾಮೆರಾ ಯಾವುದು ಅಂತ ಮನೆಯವರನ್ನ ಕೇಳಿ.

ಮಿನಿಡಿವಿ, ಡಿಜಿಟಲ್8 ಆದ್ರೆ ದಾರಿ ಫೈರ್‌ವೈರ್. ಕ್ಯಾಮೆರಾದಲ್ಲಿ "ಡಿವಿ" ಅಥವಾ "ಐ.ಲಿಂಕ್" ಅಂತ ಬರೆದ ಪುಟ್ಟ ಪೋರ್ಟ್ ಇರುತ್ತೆ. ಇದರಲ್ಲಿ ಟೇಪಿನಲ್ಲಿರೋ ಡೇಟಾ ಹಾಗೇ ಬರುತ್ತೆ, ಗುಣಮಟ್ಟ ಇಳಿಯಲ್ಲ. ಒಂದು ಗಂಟೆಗೆ ಸುಮಾರು 13 ಜಿಬಿ ಜಾಗ ಬೇಕು. ಪಕ್ಕದ ಯುಎಸ್‌ಬಿ ಪೋರ್ಟ್ ನೋಡಿ ಖುಷಿಪಡಬೇಡಿ, ಹೆಚ್ಚಿನ ಕ್ಯಾಮೆರಾಗಳಲ್ಲಿ ಅದು ಫೋಟೋಗೆ ಅಥವಾ ಕಳಪೆ ವಿಡಿಯೋಗೆ ಮಾತ್ರ. ಫೈರ್‌ವೈರ್ ಕಾರ್ಡ್ ಹಾಕಿದ ಹಳೇ ಡೆಸ್ಕ್‌ಟಾಪ್ ಸಿಕ್ಕರೆ ಸಾಕು. ವಿಂಡೋಸ್‌ಗೆ ವಿನ್‌ಡಿವಿ, ಲಿನಕ್ಸ್‌ಗೆ ಡಿವಿಗ್ರ್ಯಾಬ್, ಎರಡೂ ಉಚಿತ. ಆ್ಯಪಲ್ 2025ರ ಮ್ಯಾಕ್ಒಎಸ್ ಟಾಹೋದಲ್ಲಿ ಫೈರ್‌ವೈರ್ ಬೆಂಬಲವನ್ನೇ ತೆಗೆದುಹಾಕಿದೆ. ನೋಡಿ, ಬಾಗಿಲು ಹೀಗೆ ಒಂದೊಂದಾಗಿ ಮುಚ್ಚುತ್ತೆ.

ವಿಎಚ್‌ಎಸ್, ವೀಡಿಯೊ8, ಹೈ8 ಆದ್ರೆ ಅನಲಾಗ್. ಹಳದಿ ವೈರು ಚಿತ್ರಕ್ಕೆ, ಬಿಳಿ-ಕೆಂಪು ಸದ್ದಿಗೆ. ಎಸ್-ವಿಡಿಯೋ ಪೋರ್ಟ್ ಇದ್ರೆ ಹಳದಿ ಬದಲು ಅದನ್ನೇ ಬಳಸಿ, ಚಿತ್ರ ಸ್ಪಷ್ಟ. ನಡುವೆ ಒಂದು ಯುಎಸ್‌ಬಿ ಕ್ಯಾಪ್ಚರ್ ಕಾರ್ಡ್, ಕಂಪ್ಯೂಟರಲ್ಲಿ ಉಚಿತವಾದ ಒಬಿಎಸ್ ಸ್ಟುಡಿಯೋ. ಸೆಟ್ಟಿಂಗ್‌ನಲ್ಲಿ ಪಾಲ್, 720×576 ಆರಿಸಿ. ಚಿತ್ರ ಕಪ್ಪು-ಬಿಳುಪಾಗಿ ಬಂದ್ರೆ, ಉರುಳಿದ್ರೆ, ಟೇಪು ಕೆಟ್ಟಿದೆ ಅಂದ್ಕೋಬೇಡಿ. ಮೊದಲು ಈ ಸೆಟ್ಟಿಂಗ್ ನೋಡಿ. ಅಮೆರಿಕದ ನೆಂಟರು ತಂದ ಕ್ಯಾಮೆರಾದಲ್ಲಿ ತೆಗೆದದ್ದಾದ್ರೆ ಅದು ಎನ್‌ಟಿಎಸ್‌ಸಿ ಇರುತ್ತೆ, ಅದನ್ನ ಓಡಿಸೋ ಕ್ಯಾಮೆರಾನೂ ಅದೇ ಥರದ್ದು ಬೇಕು.

ಎರಡೂ ದಾರಿಯಲ್ಲಿ ಒಂದು ಗಂಟೆಯ ಟೇಪಿಗೆ ಒಂದು ಗಂಟೆ ಹಿಡಿಯುತ್ತೆ, ಶಾರ್ಟ್‌ಕಟ್ ಇಲ್ಲ. "ಮೊದ್ಲು ಸುಮ್ನೆ ನೋಡೋಣ" ಅಂತ ಟೇಪು ಓಡಿಸಬೇಡಿ. ನೋಡುವಾಗಲೇ ರೆಕಾರ್ಡ್ ಆಗ್ತಿರಲಿ. ಆ ಟೇಪು ಇನ್ನೊಮ್ಮೆ ಓಡುತ್ತೆ ಅನ್ನೋ ಗ್ಯಾರಂಟಿ ಯಾರೂ ಕೊಡಲ್ಲ.

ಸ್ಟುಡಿಯೋಗೆ ಕೊಡೋದಾದ್ರೆ ಮೂರು ಪ್ರಶ್ನೆ ಕೇಳಿ. ಮಿನಿಡಿವಿಯನ್ನ ಫೈರ್‌ವೈರಲ್ಲೇ ತೆಗೀತೀರಾ? ಡಿವಿಡಿ ಬೇಡ, ಮೂಲ ಫೈಲನ್ನೇ ಹಾರ್ಡ್‌ಡಿಸ್ಕಿಗೆ ಹಾಕಿ ಕೊಡ್ತೀರಾ? ಟೇಪು ವಾಪಸ್ ಕೊಡ್ತೀರಾ? ಮೂರಕ್ಕೂ ಹೌದು ಅಂದ್ರೆ ಮಾತ್ರ ಕೊಡಿ.

ಕೊನೆಗೆ, ಫೈಲ್ ಬಂತು ಅಂತ ಕೆಲಸ ಮುಗೀಲಿಲ್ಲ. ಎರಡು ಹಾರ್ಡ್‌ಡಿಸ್ಕಲ್ಲಿ ಪ್ರತಿ ಇಡಿ, ಒಂದು ಬೇರೆಯವರ ಮನೆಯಲ್ಲಿರಲಿ. ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪಿಗೆ ಚಿಕ್ಕ ಫೈಲ್ ಕಳಿಸಿ, ಅದನ್ನೇ ಮೂಲಪ್ರತಿ ಅಂತ ಇಟ್ಕೋಬೇಡಿ. ಫೈಲಿಗೆ ಇಸವಿ, ಊರು, ಸಂದರ್ಭದ ಹೆಸರು ಹಾಕಿ. ವಿಡಿಯೋದಲ್ಲಿ ಇರೋರು ಯಾರ್ಯಾರು ಅಂತ ಮನೆಯ ಹಿರಿಯರ ಪಕ್ಕ ಕೂತು ಬರೆದಿಟ್ಕೊಳ್ಳಿ. ಅದನ್ನ ಹೇಳೋಕೆ ಯಾವ ಸಾಫ್ಟ್‌ವೇರಿಗೂ ಆಗಲ್ಲ.

ಈ ಭಾನುವಾರ ಎ ಗುಂಪಿನ ಒಂದೇ ಒಂದು ಟೇಪು ಹುಡುಕಿ ತೆಗೆದಿಡಿ.