ರವದಿ ಹೊಗೆಯಿಂದ ಭೂಮಿ ಕಾಯುತ್ತದೆಯೇ?

ತಿಮ್ಮಾಪುರ, ಮುಧೋಳದ ಕಡೆ ಕಬ್ಬು ಕಡಿದ ಮೇಲೆ ಉಳಿದ ರವದಿಗೆ (ಒಣ ಎಲೆಗೆ) ಬೆಂಕಿ ಹಚ್ಚುತ್ತಾರಲ್ಲ, ಭೂಮಿ ಬಿಸಿಯಾಗುತ್ತಿರುವುದು ಆ ಹೊಗೆಯಿಂದಲೇ? ಬಹುಮಟ್ಟಿಗೆ ಅಲ್ಲ. ನೋಡಿ, ಬಿಸಿಲಿಗೆ ಕಾದ ನೆಲ ಶಾಖವನ್ನು ಮೇಲಕ್ಕೆ ಬಿಡುತ್ತದೆ. ಗಾಳಿಯಲ್ಲಿರುವ ನೀರಾವಿ, ಇಂಗಾಲದ ಡೈಆಕ್ಸೈಡ್ ಅದರಲ್ಲಿ ಒಂದಷ್ಟನ್ನು ಹಿಡಿದು ಮರಳಿಸುತ್ತವೆ. ಭೂಮಿ ಹೊದ್ದ ಕೌದಿ ಅದು. ಇಲ್ಲದಿದ್ದರೆ ಇಲ್ಲಿ ಸರಾಸರಿ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು! ತೊಂದರೆ ಶುರುವಾದದ್ದು ಕೌದಿ ದಪ್ಪವಾದಾಗ. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 280 ಇತ್ತು. ಈಗ 420 ದಾಟಿದೆ.

ಕಬ್ಬಿನ ಇಂಗಾಲ ಗಾಳಿಯಿಂದಲೇ ಬಂದದ್ದು. ಸುಟ್ಟರೆ ಗಾಳಿಗೆ ಹೋಗುತ್ತದೆ, ಮುಂದಿನ ಬೆಳೆ ಮತ್ತೆ ಎಳೆದುಕೊಳ್ಳುತ್ತದೆ. ಕಲ್ಲಿದ್ದಲು, ಡೀಸೆಲ್ಲಿನದು ಕೋಟ್ಯಂತರ ವರ್ಷ ನೆಲದಡಿ ಹೂತಿದ್ದ ಇಂಗಾಲ. ಅದು ಗಾಳಿಗೆ ಹೊಸ ಹೊರೆ. "ಹಾಗಾದರೆ ರವದಿ ಸುಟ್ಟರೇನು?" ಅನ್ನಬಹುದು. ಬೇಡ. ಸುಡುವಾಗ ಮೀಥೇನ್ ಕೂಡ ಏಳುತ್ತದೆ, ಮಣ್ಣಿಗೆ ಸಿಗಬೇಕಾದ ಸತ್ವವೂ ಹೋಗುತ್ತದೆ. ಸಾಲಿನಲ್ಲೇ ಹರಡಿದರೆ ತೇವ ಉಳಿಯುತ್ತದೆ. ಇನ್ನು, ಅದೇ ಕಬ್ಬಿಗೆ ಚೆಲ್ಲುವ ಯೂರಿಯಾ. ಹೊಗೆ ಕಾಣುವುದಿಲ್ಲ, ಯಾರೂ ಬೈಯುವುದೂ ಇಲ್ಲ. ಆದರೆ ಅದರಿಂದ ಏಳುವ ನೈಟ್ರಸ್ ಆಕ್ಸೈಡ್, ನೂರು ವರ್ಷದ ಲೆಕ್ಕದಲ್ಲಿ, ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ.