ಡಿಕ್ಕಿ ಹೊಡೆದು ಒಡೆಯುವ ಅಯಾನು: ನಂಬಿಕೆ ಮತ್ತು ಸತ್ಯ

ಮಾಸ್ ಸ್ಪೆಕ್ಟ್ರೋಮೀಟರಿನೊಳಗೆ ವಿದ್ಯುತ್ ಕ್ಷೇತ್ರ ನೂಕಿದ ಅಣು-ಅಯಾನುಗಳು ಆರ್ಗಾನ್, ನೈಟ್ರೋಜನ್ ಅಥವಾ ಹೀಲಿಯಂಗೆ ಬಡಿದು ಒಡೆಯುತ್ತವೆ. ಚೂರುಗಳ ತೂಕದಿಂದ ಮೂಲ ಅಣುವಿನ ರಚನೆ ಪತ್ತೆಯಾಗುತ್ತದೆ.

ಅನಿಲದ ಪರಮಾಣು ತಾಕಿದ ಜಾಗದಲ್ಲೇ, ತಾಕಿದ ಕ್ಷಣದಲ್ಲೇ ಬಂಧ ಮುರಿಯುತ್ತದೆ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವದಲ್ಲಿ ಡಿಕ್ಕಿ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲಿಗಿಂತ ಬೇಗ ಮುಗಿದುಹೋಗುತ್ತದೆ. ಅಯಾನು ಒಡೆಯುವುದು ಸಾಮಾನ್ಯವಾಗಿ ಆಮೇಲೆ, ಎಷ್ಟೋ ಸಲ ಮೈಕ್ರೋಸೆಕೆಂಡುಗಳ ನಂತರ. ನಡುವಿನ ಹೊತ್ತಿನಲ್ಲಿ ಡಿಕ್ಕಿಯ ಶಕ್ತಿ ಅಣುವಿನ ಎಲ್ಲ ಕಂಪನಗಳಿಗೂ ಹಂಚಿಹೋಗುತ್ತದೆ. ಮಾವಿನ ಕೊಂಬೆಗೆ ಕಲ್ಲು ಬಿದ್ದರೆ ಕಲ್ಲು ತಾಕಿದ ಕಾಯಿಯೇ ಬೀಳಬೇಕೆಂದಿಲ್ಲ. ಕೊಂಬೆ ಅಲುಗಿ, ತೊಟ್ಟು ಸಡಿಲವಾದದ್ದು ಉದುರುತ್ತದೆ.

ಯಾವ ತೊಟ್ಟು ಸಡಿಲ ಎಂಬುದನ್ನು ತಟಸ್ಥ ಅಣುವಿನ ಬಂಧಶಕ್ತಿಯ ಪಟ್ಟಿ ನೋಡಿ ಹೇಳಲಾಗದು. ಅಣುವನ್ನು ಅಯಾನಾಗಿಸಲು ಅಂಟಿಸಿದ ಪ್ರೋಟಾನ್ ಆ ಲೆಕ್ಕವನ್ನೇ ಬದಲಿಸುತ್ತದೆ. ಪ್ರೋಟಾನ್ ಸೇರಿದ ಕೆಫೀನಿನ ತೂಕ 195. ಅದರ ಮೀಥೈಲ್ ಗುಂಪುಗಳು ಒಂದೊಂದೇ ಬಂಧದಲ್ಲಿ ನೇತಾಡುತ್ತಿದ್ದರೂ ಮುಖ್ಯವಾಗಿ ಕಳಚುವುದು ಅವಲ್ಲ; ಉಂಗುರದ ಎರಡು ಬಂಧ ಬಿಚ್ಚಿ ಮೀಥೈಲ್ ಐಸೊಸೈನೇಟ್ ಹೊರಬೀಳುತ್ತದೆ, 138ರ ಅಯಾನು ಉಳಿಯುತ್ತದೆ. 1984ರಲ್ಲಿ ಭೋಪಾಲದಲ್ಲಿ ಸೋರಿದ ವಿಷವೂ ಮೀಥೈಲ್ ಐಸೊಸೈನೇಟೇ. ಕಾಫಿಪ್ರಿಯರು ಹೆದರಬೇಕಿಲ್ಲ, ಇದು ಯಂತ್ರದ ನಿರ್ವಾತದೊಳಗಿನ ಮಾತು.

ಕೊಟ್ಟ ಶಕ್ತಿಯೆಲ್ಲ ಒಡೆಯಲು ಒದಗುತ್ತದೆ ಎಂಬ ನಂಬಿಕೆ ಪ್ರಯೋಗಾಲಯದೊಳಗೂ ಇದೆ. ಆದರೆ ಸಂವೇಗ ಉಳಿಯಲೇಬೇಕಾದ್ದರಿಂದ ಶಕ್ತಿಯ ದೊಡ್ಡ ಪಾಲು ಚಲನೆಯಲ್ಲೇ ಉಳಿಯುತ್ತದೆ. ಅನಿಲದ ತೂಕವನ್ನು ಅನಿಲ, ಅಯಾನು ಎರಡರ ಒಟ್ಟು ತೂಕದಿಂದ ಭಾಗಿಸಿದರೆ ಗರಿಷ್ಠ ಪಾಲು ಸಿಗುತ್ತದೆ. ಕೆಫೀನ್ ಅಯಾನಿಗೆ 20 ಎಲೆಕ್ಟ್ರಾನ್ ವೋಲ್ಟ್ ಕೊಟ್ಟರೆ ಆರ್ಗಾನ್ ಡಿಕ್ಕಿಯಲ್ಲಿ ಒದಗುವುದು ಹೆಚ್ಚೆಂದರೆ 3.4, ಹೀಲಿಯಂನಲ್ಲಿ ಬರೀ 0.4. ಹಾಗಿದ್ದರೂ ಅಯಾನುಗಳನ್ನು ಹಿಡಿದಿಡುವ ಅಯಾನ್ ಟ್ರ್ಯಾಪ್‌ನಲ್ಲಿ ಹೀಲಿಯಂ ಸಾಕಾಗುತ್ತದೆ, ಏಕೆಂದರೆ ಅಲ್ಲಿ ನೂರಾರು ಸಣ್ಣ ಡಿಕ್ಕಿಗಳು ಅಯಾನನ್ನು ಮೆಲ್ಲಗೆ ಕಾಯಿಸುತ್ತವೆ.

ತಜ್ಞರೇ ಎಡವಿದ್ದೂ ಉಂಟು. ಒಡೆಯಲು ಸಾವಿರಾರು ಎಲೆಕ್ಟ್ರಾನ್ ವೋಲ್ಟ್ ಬೇಕೆಂದು ಅನೇಕರು ನಂಬಿದ್ದರು. ಹತ್ತಾರು ಸಾಕೆಂದು ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ರಿಚರ್ಡ್ ಯೋಸ್ಟ್ ಮತ್ತು ಕ್ರಿಸ್ಟಿ ಎಂಕೆ 1978ರಲ್ಲಿ ಟ್ರಿಪಲ್ ಕ್ವಾಡ್ರುಪೋಲ್ ಯಂತ್ರದಿಂದ ತೋರಿಸಿದರು.

ಚೂರುಗಳೆಲ್ಲ ಯಂತ್ರಕ್ಕೆ ಕಾಣುತ್ತವೆ ಎಂಬುದೂ ತಪ್ಪು. ವಿದ್ಯುದಂಶವಿಲ್ಲದ ಚೂರು ಲೆಕ್ಕಕ್ಕೇ ಸಿಗದೆ ಪಂಪಿನ ಪಾಲಾಗುತ್ತದೆ. ಕೆಫೀನಿನಿಂದ ಕಳಚಿದ ಮೀಥೈಲ್ ಐಸೊಸೈನೇಟಿನ ತೂಕ 57 ಎಂಬುದು ಕಾಗದದ ಮೇಲೆ 195ರಲ್ಲಿ 138 ಕಳೆದಾಗ ಸಿಕ್ಕ ಸಂಖ್ಯೆ.